ಮುದ್ರೆಯೂ ಅನುಮತಿಯೂ

ಕವಿರಾಜಮಾರ್ಗದ ಪರಿಚ್ಛೇದಗಳ ಕೊನೆಯಲ್ಲಿ ಆ ಗ್ರಂಥವು ನೃಪತುಂಗದೇವನಿಗೆ ‘ಅನುಮತ’ವಾದುದೆಂಬ ಒಕ್ಕಣೆ ಬರುವುದು ಕನ್ನಡದ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. 1898ರಲ್ಲಿ ಕೆ. ಬಿ. ಪಾಠಕರು ಗ್ರಂಥವನ್ನು ಅಚ್ಚಿಗೆ ತಂದಂದಿನಿಂದ ಈ ಒಂದು ಪದದ ಸುತ್ತ ನಡೆದಿರುವ ಚರ್ಚೆ ಸಣ್ಣದಲ್ಲ. ಅರಸನೇ ಕರ್ತೃವಾಗಿದ್ದ ಪಕ್ಷದಲ್ಲಿ ತನ್ನ ಗ್ರಂಥಕ್ಕೆ ತಾನೇ ಅನುಮತಿಯನ್ನು ಕೊಟ್ಟುಕೊಳ್ಳುವುದೆಂತು, ಆದಕಾರಣ ಕರ್ತೃವು ಶ್ರೀವಿಜಯನೇ ಇರಬೇಕೆಂದು ಒಂದು ಪಕ್ಷದವರು ವಾದಿಸಿದರು. ಪ್ರಕೃತ ಲೇಖನಕ್ಕೆ ಬೇಕಾದುದು ಕರ್ತೃತ್ವದ ನಿರ್ಣಯವಲ್ಲ, ಪದದ ಅರ್ಥ. ‘ಅನುಮತ’ವೆಂದರೆ ಅಪ್ಪಣೆಯನ್ನು ಪಡೆದದ್ದು ಎಂದೂ ಆಗಬಹುದು, ಓದಿ ಒಪ್ಪಿದ್ದು ಎಂದೂ ಆಗಬಹುದು. ಅಪ್ಪಣೆ ಕೃತಿಗಿಂತ ಮುಂದಾಗಿ ಬರುವಂಥದು. ಒಪ್ಪಿಗೆ ಕೃತಿಯ ಹಿಂದಿನಿಂದ ಬರುವಂಥದು. ಓದುಬರಹದ ಶಿಕ್ಷಣವಿಲ್ಲದ ನಾಡವರು ಕೂಡ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಅದೇ ಗ್ರಂಥವು ಅಭಿಮಾನದಿಂದ ಹೇಳುತ್ತದೆ. ಅಂಥ ನಾಡವರು ಹಾಡುವ ಮುನ್ನ ಮಾನ್ಯಖೇಟಕ್ಕೆ ಹೋಗಿ ಹೆಸರು ಬರೆಯಿಸಿಕೊಂಡು ಬರಬೇಕಾಗಿತ್ತೆಂದು ಯಾರೂ ಊಹಿಸಲಾರರು. ಎರಡನೆಯ ಅರ್ಥವೇ ಸರಿಯೆಂದು ನನಗೆ ತೋರುತ್ತದೆ.

ಗುಜರಾತಿನಲ್ಲಿ ನೆಲಸಿರುವ ಕನ್ನಡಿಗರಿಗೆ ಈ ಕಾಲದ ಇನ್ನೊಂದು ಬಗೆಯ ಬರಹ ಹತ್ತಿರದ್ದು. ಲಾಟದೇಶದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷನು ಶಕ 734ರಲ್ಲಿ, ಎಂದರೆ ಕ್ರಿ. ಶ. 812ರಲ್ಲಿ, ವಡಪದ್ರಕವೆಂಬ ಗ್ರಾಮವನ್ನು ದಾನವಾಗಿ ಕೊಟ್ಟ ತಾಮ್ರಪಟವು ದೊರೆತಿದೆ. ಆ ವಡಪದ್ರಕವೇ ಇಂದಿನ ವಡೋದರಾ. ಅದೇ ಕರ್ಕನ ಮತ್ತೊಂದು ತಾಮ್ರಪಟ, 821ರದು, ಸೂರತ್ತಿನ ಹೆಸರಿನಿಂದ ಪ್ರಸಿದ್ಧವಾಗಿದೆ. ಎಳೆಯ ಅಮೋಘವರ್ಷ ನೃಪತುಂಗನಿಗೆ ಕೈತಪ್ಪಿದ ಸಿಂಹಾಸನವನ್ನು ಮರಳಿ ದೊರಕಿಸಿದವನು ಈತನೇ ಎಂದು ಇತಿಹಾಸಕಾರರ ಅಭಿಪ್ರಾಯ. ಇಂಥ ಪಟಗಳ ಹಲಗೆಗಳನ್ನು ಒಂದು ಬಳೆಯಿಂದ ಕೋದು, ಬಳೆಯ ಕೂಡಿಕೆಯಲ್ಲಿ ಮುದ್ರೆಯನ್ನು ಒತ್ತುತ್ತಿದ್ದರು. ರಾಷ್ಟ್ರಕೂಟರದು ಸಾಮಾನ್ಯವಾಗಿ ಗರುಡಮುದ್ರೆ. ಮುದ್ರೆ ಹೇಳುವುದು ಒಂದೇ ಮಾತು: ಇದು ಇಂಥವನಿಂದ ಬಂದದ್ದು. ಬರಹದೊಳಗಿನ ಮಾತು ನಿಜವೋ ಸುಳ್ಳೋ ಎಂಬುದು ಬೇರೆ ಪರೀಕ್ಷೆ. ಧಾರವಾಡದ ಕಡೆಯ ಶಾಸನಗಳಲ್ಲಿ ಬಹುಕಾಲ ಶ್ರಮಿಸಿದ ಫ್ಲೀಟರು ಕೂಟಶಾಸನಗಳನ್ನು ಬಯಲಿಗೆಳೆದದ್ದು ಲಿಪಿ, ತಿಥಿವಾರಗಳ ಹೊಂದಿಕೆ, ವಂಶಾವಳಿಗಳನ್ನು ಒರೆಗೆ ಹಚ್ಚಿ; ಮುದ್ರೆಯನ್ನು ನೋಡಿದ ಮಾತ್ರಕ್ಕೆ ಅವರು ಸುಮ್ಮನಾಗಲಿಲ್ಲ.

ಸಾವಿರದ ಇನ್ನೂರು ವರ್ಷಗಳ ಹಿಂದಿನ ಈ ಎರಡು ಪದಗಳನ್ನು, ಮುದ್ರೆ ಮತ್ತು ಅನುಮತಿಗಳನ್ನು, ಇಲ್ಲಿ ಎಳೆತಂದದ್ದಕ್ಕೆ ಕಾರಣವನ್ನು ಹೇಳಬೇಕು. ನಮ್ಮ ಜೇಬಿನಲ್ಲಿರುವ ಫೋನಿನೊಳಕ್ಕೆ ಯಾವ ಆಪ್ ಬರಬಹುದು, ಯಾವುದು ಬರಬಾರದು ಎಂಬುದನ್ನು ನಿರ್ಣಯಿಸುವ ಅಧಿಕಾರವು ಎರಡು ಕಂಪನಿಗಳ ಕೈಯಲ್ಲಿ ಕೂಡಿಕೊಳ್ಳುತ್ತಿದೆ. ಆ ಕಂಪನಿಗಳು ತಮ್ಮ ಕ್ರಮವನ್ನು ಸಮರ್ಥಿಸಿಕೊಳ್ಳುವಾಗ ಮುದ್ರೆಯ ಮಾತನ್ನಾಡಿ ಅನುಮತಿಯ ಅಧಿಕಾರವನ್ನು ಪಡೆಯುತ್ತಿವೆ ಎಂಬುದೇ ನನ್ನ ಆಕ್ಷೇಪ. ಅವರ ಪ್ರಕಟಣೆಗಳನ್ನು ಒಂದು ಕೃತಿಯನ್ನು ವಿಮರ್ಶಿಸುವಂತೆ ಪದ ಪದವಾಗಿ ನೋಡಿದರೆ ಇದು ತಿಳಿದುಬರುವುದು.

ಮೊದಲು ವಸ್ತುಸ್ಥಿತಿ. ಆಪಲ್ ಕಂಪನಿಯ ಐಫೋನಿಗೆ 2008ರ ಜುಲೈ ತಿಂಗಳಿಂದ ಆ ಕಂಪನಿಯದೇ ಆಪ್ ಸ್ಟೋರ್ ಇದೆ. ಭಾರತದ ಸಾಮಾನ್ಯ ಬಳಕೆದಾರನಿಗೆ ಅದೊಂದೇ ಬಾಗಿಲು. ಯೂರೋಪಿನ ಒಕ್ಕೂಟದಲ್ಲಿ ಅಲ್ಲಿನ ಕಾನೂನಿನ ಒತ್ತಾಯದಿಂದ 2024ರ ಮಾರ್ಚ್‌ನಲ್ಲಿ ಬೇರೆ ಅಂಗಡಿಗಳಿಗೂ ಎಡೆಯಾಯಿತು. ಗೂಗಲ್ ಕಂಪನಿಯ ಆಂಡ್ರಾಯ್ಡ್ ಫೋನುಗಳ ರೀತಿ ಮೊದಲಿನಿಂದಲೂ ಬೇರೆ. ಅಲ್ಲಿ ಪ್ಲೇ ಸ್ಟೋರ್ ಎಂಬ ಅಂಗಡಿ ಇದ್ದರೂ, ಫೋನಿನ ಒಡೆಯನು ಎಚ್ಚರಿಕೆಯ ಮಾತನ್ನು ಓದಿ ಒಪ್ಪಿದರೆ ಎಲ್ಲಿಂದಲಾದರೂ ಆಪ್‌ನ ಕಡತವನ್ನು ತಂದು ಹಾಕಿಕೊಳ್ಳಬಹುದಾಗಿತ್ತು. ಈ ರೀತಿಯನ್ನು ಮಾರ್ಪಡಿಸುವ ಯೋಜನೆಯನ್ನು ಗೂಗಲ್ 2025ರ ಆಗಸ್ಟ್ 25ರಂದು ಪ್ರಕಟಿಸಿತು. ಅದರಂತೆ, ಗೂಗಲ್ಲಿನ ಪ್ರಮಾಣಪತ್ರ ಪಡೆದ ಆಂಡ್ರಾಯ್ಡ್ ಫೋನುಗಳಲ್ಲಿ ಹಾಕಬೇಕಾದ ಪ್ರತಿಯೊಂದು ಆಪ್‌ನ ಕರ್ತೃವೂ ತನ್ನ ನಿಜನಾಮ, ವಿಳಾಸ, ಫೋನ್ ಸಂಖ್ಯೆಗಳನ್ನು ಗೂಗಲ್ಲಿಗೆ ಒಪ್ಪಿಸಿ ನೋಂದಾಯಿಸಿಕೊಳ್ಳಬೇಕು. ಆಪ್ ಪ್ಲೇ ಸ್ಟೋರಿನಲ್ಲಿ ಇರದಿದ್ದರೂ, ತನ್ನ ಅಣ್ಣತಮ್ಮಂದಿರಿಗೆ ಮಾತ್ರ ಹಂಚುವಂಥದಾಗಿದ್ದರೂ ಇದೇ ನಿಯಮ. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡುಗಳಲ್ಲಿ ಮೊದಲು, 2027ರಿಂದ ಉಳಿದ ದೇಶಗಳಲ್ಲಿ ಎಂಬುದು ಪ್ರಕಟಣೆಯಲ್ಲಿ ಕೊಟ್ಟ ಅನುಕ್ರಮ. ಎಲ್ಲೆಡೆಯಿಂದ ವಿರೋಧ ಬಂದ ಮೇಲೆ ಅದೇ ನವೆಂಬರಿನಲ್ಲಿ ಎರಡು ವಿನಾಯಿತಿಗಳನ್ನು ಸೇರಿಸಿದರು. ವಿದ್ಯಾರ್ಥಿಗಳಿಗೂ ಹವ್ಯಾಸಿಗಳಿಗೂ ಮಿತವಾದ ಸಂಖ್ಯೆಯ ಫೋನುಗಳಿಗಷ್ಟೇ ಹಂಚಬಹುದಾದ ಒಂದು ಬಗೆಯ ಖಾತೆ. ಅನುಭವಿಗಳಾದ ಬಳಕೆದಾರರು ಅಪಾಯವನ್ನು ತಿಳಿದೂ ನೋಂದಣಿಯಿಲ್ಲದ ಆಪ್ ಹಾಕಿಕೊಳ್ಳಲು ಎಚ್ಚರಿಕೆಗಳಿಂದ ತುಂಬಿದ ಒಂದು ಮಾರ್ಗ.

ಇನ್ನು ಪದಗಳ ವಿಚಾರ. ಅಂಗಡಿಯನ್ನು ಬಿಟ್ಟು ನೇರವಾಗಿ ಆಪ್ ಹಾಕಿಕೊಳ್ಳುವುದಕ್ಕೆ ‘ಸೈಡ್‌ಲೋಡಿಂಗ್’ ಎಂದು ಹೆಸರು ಬಂದಿದೆ. ಪಕ್ಕದಿಂದ ತುಂಬುವುದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಹಿತ್ತಿಲ ಬಾಗಿಲಿನಿಂದ ಬರುವುದು. ಗಣಕಯಂತ್ರದಲ್ಲಿ ಇದೇ ಕೆಲಸಕ್ಕೆ ಮೂವತ್ತು ವರ್ಷ ‘ಹಾಕಿಕೊಳ್ಳುವುದು’ ಎಂಬುದಕ್ಕಿಂತ ಬೇರೆ ಹೆಸರಿರಲಿಲ್ಲ. ಹೆಬ್ಬಾಗಿಲಿನ ಒಡೆತನ ಒಬ್ಬನದಾದ ಮೇಲೆ ಉಳಿದ ಬಾಗಿಲುಗಳೆಲ್ಲ ಹಿತ್ತಿಲಿನವಾದವು. ಇನ್ನೊಂದು, ಫೋನೇ ತೋರಿಸುವ ‘ಅಪರಿಚಿತ ಮೂಲ’ವೆಂಬ ಎಚ್ಚರಿಕೆ. ಅಪರಿಚಿತ, ಸರಿ, ಯಾರಿಗೆ? ಪಕ್ಕದ ಬೀದಿಯ ಕನ್ನಡದ ಹುಡುಗನು ಮಾಡಿಕೊಟ್ಟ ಪಂಚಾಂಗದ ಆಪ್ ನನಗೆ ಪರಿಚಿತ. ಅವನ ತಂದೆಯೂ ಪರಿಚಿತ. ಪ್ಲೇ ಸ್ಟೋರಿನಲ್ಲಿ ದೊರೆಯುವ ಯಾವುದೋ ದೇಶದ ಟಾರ್ಚಿನ ಆಪ್ ನನಗೆ ಪೂರ್ಣ ಅಪರಿಚಿತ. ಎಚ್ಚರಿಕೆ ಬರುವುದು ಮೊದಲಿನದಕ್ಕೆ. ಪರಿಚಯವೆಂಬುದು ಇಬ್ಬರ ನಡುವಿನ ಸಂಬಂಧ. ಅದರಲ್ಲಿ ‘ನನಗೆ’ ಎಂಬ ಚತುರ್ಥಿಯನ್ನು ತೆಗೆದು ‘ಕಂಪನಿಗೆ’ ಎಂಬುದನ್ನು ಅಧ್ಯಾಹಾರವಾಗಿ ಬಿಟ್ಟಿರುವುದೇ ಈ ಪ್ರಯೋಗದ ಚಾತುರ್ಯ.

ಆಗಸ್ಟ್ ಪ್ರಕಟಣೆಯಲ್ಲಿ ಒಂದು ಉಪಮೆಯನ್ನೂ ಕೊಟ್ಟಿದ್ದಾರೆ. ಈ ನೋಂದಣಿಯು ವಿಮಾನ ನಿಲ್ದಾಣದಲ್ಲಿ ಗುರುತುಚೀಟಿಯನ್ನು ನೋಡುವಂತೆ. ಪ್ರಯಾಣಿಕನು ಯಾರೆಂದು ತಿಳಿಯುವುದಕ್ಕೆ ಮಾತ್ರ. ಅವನ ಪೆಟ್ಟಿಗೆಯ ತಪಾಸಣೆ ಬೇರೆ ಎಂದು ಅದರ ತಾತ್ಪರ್ಯ. ಉಪಮೆಯ ಗುಣದೋಷಗಳನ್ನು ತೂಗುವುದು ನಮ್ಮ ಆಲಂಕಾರಿಕರ ಹಳೆಯ ಕಸುಬು. ಉಪಮಾನ ಉಪಮೇಯಗಳಲ್ಲಿ ಸಾಧಾರಣಧರ್ಮವಿರಬೇಕು. ವಿಮಾನ ನಿಲ್ದಾಣವು ಸಾರ್ವಜನಿಕ ಸ್ಥಳ, ನಾನು ಅಲ್ಲಿಗೆ ಹೋಗುವವನು, ಅಲ್ಲಿ ನಿಂತ ಕಾವಲಿನವನು ಶಾಸನಬದ್ಧನಾದ ಸರಕಾರಿ ನೌಕರ. ಫೋನು ನಾನು ಹಣ ಕೊಟ್ಟು ಕೊಂಡ ವಸ್ತು. ಅತಿಥಿ ಬರುವುದು ನನ್ನ ಮನೆಗೆ. ಬಾಗಿಲಲ್ಲಿ ನಿಂತು ಗುರುತುಚೀಟಿ ಕೇಳುವವನು ಮನೆಯನ್ನು ಕಟ್ಟಿ ಮಾರಿಹೋದ ಕಂಟ್ರಾಕ್ಟರು. ಅಲ್ಲದೆ ಆ ಕಂಟ್ರಾಕ್ಟರಿಗೆ ಊರಿನಲ್ಲಿ ಸ್ವಂತದ್ದೊಂದು ಛತ್ರವೂ ಇದೆ. ಉಪಮೆ ಇಲ್ಲಿ ಕುಂಟುತ್ತದೆ.

ಇನ್ನೂ ಒಂದು ತಾಂತ್ರಿಕ ಸಂಗತಿಯನ್ನು ವಾಚಕರು ಗಮನಿಸಬೇಕು. ಆಂಡ್ರಾಯ್ಡಿನಲ್ಲಿ ಪ್ರತಿಯೊಂದು ಆಪ್ ಮೊದಲಿನಿಂದಲೂ ಕರ್ತೃವಿನ ಗೂಢಲಿಪಿಯ ಸಹಿಯನ್ನು ಹೊತ್ತೇ ಬರುತ್ತದೆ. ಒಮ್ಮೆ ಹಾಕಿದ ಆಪ್‌ಗೆ ಹೊಸ ಆವೃತ್ತಿ ಬಂದರೆ ಅದೇ ಸಹಿ ಇದ್ದರಲ್ಲದೆ ಫೋನು ಅದನ್ನು ಸ್ವೀಕರಿಸದು. ಎಂದರೆ ಗರುಡಮುದ್ರೆ ಆಗಲೇ ಇದೆ. ಹೊಸ ನಿಯಮದಿಂದ ಬರುವುದು ಮುದ್ರೆಯಲ್ಲ. ಎಲ್ಲ ಮುದ್ರೆಗಳನ್ನೂ ಒಂದೇ ಚಾವಡಿಯಲ್ಲಿ ದಾಖಲೆ ಮಾಡಿಸಿ, ದಾಖಲೆಯಿಲ್ಲದ ಮುದ್ರೆ ಎಲ್ಲಿಯೂ ನಡೆಯದೆಂಬ ಕಟ್ಟಳೆ. ದಾಖಲೆ ಇಟ್ಟುಕೊಳ್ಳುವವನು ಅದನ್ನು ಹೊಡೆದುಹಾಕಲೂ ಬಲ್ಲನು.

ಇಷ್ಟನ್ನು ಹೇಳಿ, ಎದುರು ಪಕ್ಷದ ಬಲವನ್ನು ಹೇಳದಿದ್ದರೆ ಅನ್ಯಾಯವಾಗುವುದು. ಬ್ಯಾಂಕಿನ ಕೆಲಸದಲ್ಲಿರುವವನಿಗಂತೂ ಅದು ಸಾಧ್ಯವೇ ಇಲ್ಲ. ಅಹಮದಾಬಾದ್, ವಡೋದರಾ, ಸೂರತ್ತುಗಳ ಯಾವ ಶಾಖೆಯಲ್ಲಿ ವಿಚಾರಿಸಿದರೂ ಒಂದೇ ಕತೆ. ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್, ಗ್ಯಾಸ್ ಬಿಲ್ಲು ಎಂಬ ಹೆಸರಿನಲ್ಲಿ ಒಂದು ಕಡತ ಫೋನಿಗೆ ಬರುತ್ತದೆ. ಹಿರಿಯರು, ಕೆಲವೊಮ್ಮೆ ಓದಿದ ಕಿರಿಯರೂ, ಒತ್ತುತ್ತಾರೆ. ಅದು ಆಪ್, ಸಂದೇಶಗಳನ್ನು ಓದುವ ಅಧಿಕಾರವನ್ನು ಕೇಳಿ ಪಡೆದುಕೊಂಡು, ಬ್ಯಾಂಕಿನಿಂದ ಬರುವ ಓಟಿಪಿಯನ್ನು ಕಳ್ಳನಿಗೆ ರವಾನಿಸುತ್ತದೆ. ಸಂಜೆಯೊಳಗೆ ಖಾತೆ ಬರಿದು. ನಿವೃತ್ತಿಯ ಗಂಟನ್ನು ಕಳೆದುಕೊಂಡವರು ಕೌಂಟರಿನ ಎದುರು ನಿಂತಾಗ ಅವರಿಗೆ ಸ್ವಾತಂತ್ರ್ಯದ ತತ್ವವನ್ನು ಬೋಧಿಸುವ ಧೈರ್ಯ ಯಾರಿಗೂ ಬಾರದು. ಅಂತರ್ಜಾಲದ ಹೊರಮೂಲಗಳಿಂದ ಬರುವ ಆಪ್‌ಗಳಲ್ಲಿ ದುಷ್ಟ ತಂತ್ರಾಂಶವು ಪ್ಲೇ ಸ್ಟೋರಿನಲ್ಲಿರುವುದಕ್ಕಿಂತ 50 ಪಟ್ಟಿಗೂ ಹೆಚ್ಚೆಂದು ಗೂಗಲ್ ಹೇಳುತ್ತದೆ. ಲೆಕ್ಕ ಅವರದೇ ಆದರೂ ಅದನ್ನು ಅಲ್ಲಗಳೆಯಲು ನನಗೆ ಆಧಾರವಿಲ್ಲ.

ಆದರೆ ರೋಗವನ್ನು ಒಪ್ಪಿದವನು ಕೊಟ್ಟ ಔಷಧವನ್ನೆಲ್ಲ ಒಪ್ಪಬೇಕಾಗಿಲ್ಲ. ಮೇಲಿನ ವಂಚನೆಯಲ್ಲಿ ಕೆಡುಕಿನ ಮೂಲ ಯಾವುದು? ಕರ್ತೃವಿನ ಹೆಸರು ತಿಳಿಯದಿರುವುದೇ, ಅಥವಾ ಕರೆಯೋಲೆಯ ವೇಷದ ಆಪ್ ಸಂದೇಶಗಳನ್ನು ಓದುವ ಅಧಿಕಾರವನ್ನು ಕೇಳುವುದೇ? ಎರಡನೆಯದೆಂಬುದು ಸ್ಪಷ್ಟ. ಗೂಗಲ್ಲೇ 2024ರಲ್ಲಿ ಮೊದಲು ಸಿಂಗಾಪುರದಲ್ಲಿ, ಆಮೇಲೆ ಭಾರತದಲ್ಲಿ ಪ್ರಯೋಗಕ್ಕೆ ತಂದ ಒಂದು ಕ್ರಮ ಇದನ್ನು ಅರಿತು ಮಾಡಿದ್ದು. ಜಾಲತಾಣದಿಂದಲೋ ಸಂದೇಶದಿಂದಲೋ ಬಂದ ಆಪ್ ಒಂದು, ಸಂದೇಶಗಳನ್ನು ಓದುವ, ಪರದೆಯನ್ನು ಆಳುವ ಅಧಿಕಾರಗಳನ್ನು ಕೇಳುವಂಥದಾದರೆ ಫೋನು ಅದನ್ನು ತಡೆಯುತ್ತದೆ. ಇದು ಲೋಹವನ್ನು ಒರೆಗಲ್ಲಿಗೆ ತಿಕ್ಕಿ ನೋಡುವ ರೀತಿ. ಹೊಸ ನಿಯಮವು ಅಕ್ಕಸಾಲಿಗನ ಕುಲಗೋತ್ರವನ್ನು ಕೇಳುವ ರೀತಿ. ಕದ್ದ ಗುರುತುಚೀಟಿಗಳಿಂದ ನೂರಾರು ಖಾತೆಗಳನ್ನು ತೆರೆಯುವವರ ಕೈಚಳಕವನ್ನು ಬ್ಯಾಂಕುಗಳಲ್ಲಿ ದಿನವೂ ಕಾಣುವ ನಮಗೆ, ಹೆಸರನ್ನು ಬರೆಯಿಸಿಕೊಂಡ ಮಾತ್ರದಿಂದ ಕಳ್ಳನು ಹಿಂಜರಿಯುವನೆಂಬ ನಂಬಿಕೆ ಇಲ್ಲ. ಹಿಂಜರಿಯುವವನು ಸಂಕೋಚದ ಸ್ವಭಾವದ ಶಾಲಾಮಾಸ್ತರನು.

ಗುರುತಿನ ಪ್ರಶ್ನೆಯನ್ನು ನಮ್ಮ ಈ ಊರುಗಳು ಹಿಂದೆ ಹೇಗೆ ಬಗೆಹರಿಸಿಕೊಂಡಿದ್ದವೆಂಬುದನ್ನು ನೋಡುವುದು ಲಾಭಕರ. ಸೂರತ್ತು ಮೊಗಲರ ಕಾಲದಲ್ಲಿ ಪ್ರಧಾನ ಬಂದರು. ಅಲ್ಲಿನ ಟಂಕಸಾಲೆಗೆ ಯಾವ ವ್ಯಾಪಾರಿಯಾದರೂ ತನ್ನ ಬೆಳ್ಳಿಯನ್ನು ತಂದು, ಗೊತ್ತಾದ ವೆಚ್ಚವನ್ನು ಕೊಟ್ಟು, ರೂಪಾಯಿ ಮಾಡಿಸಿಕೊಂಡು ಹೋಗಬಹುದಾಗಿತ್ತು. ಪರೀಕ್ಷೆ ನಡೆಯುತ್ತಿದ್ದುದು ಬೆಳ್ಳಿಗೆ. ಟಂಕಿಸದ ಬೆಳ್ಳಿಯೂ ಪೇಟೆಯಲ್ಲಿ ಲೋಹದ ಬೆಲೆಗೆ ಮಾರಾಟವಾಗುತ್ತಿತ್ತು. ಟಂಕಸಾಲೆಯ ಹೊರಗೆ ಬೆಳ್ಳಿಯೇ ಇರಕೂಡದೆಂದು ಯಾವ ಸುಬೇದಾರನೂ ಸಾರಲಿಲ್ಲ.

ಹುಂಡಿಯ ಪದ್ಧತಿ ಇನ್ನೂ ಸೂಕ್ಷ್ಮವಾದದ್ದು. ಸೂರತ್ತು, ಅಹಮದಾಬಾದುಗಳ ಸರಾಫರ ಹುಂಡಿಗಳಲ್ಲಿ ‘ಶಾಹಜೋಗ’ವೆಂಬ ಒಂದು ಬಗೆಯುಂಟು. ಅದನ್ನು ಪಾವತಿ ಮಾಡಬೇಕಾದದ್ದು ‘ಶಾಹ’ನಿಗೆ, ಎಂದರೆ ಪೇಟೆಯಲ್ಲಿ ಮಾನ್ಯನೆಂದು ಹೆಸರಾದ ವರ್ತಕನಿಗೆ. ಅಪರಿಚಿತನೊಬ್ಬನು ಹುಂಡಿಯನ್ನು ತಂದರೆ ಅವನು ಶಾಹನೊಬ್ಬನ ಮೂಲಕ ಬರಬೇಕು. ಹುಂಡಿ ಕದ್ದದ್ದೋ ಕೂಟವಾದದ್ದೋ ಎಂದು ಆಮೇಲೆ ತಿಳಿದುಬಂದರೆ ಹಣವನ್ನು ಹಿಂದಿರುಗಿಸುವ ಹೊಣೆ ಆ ಶಾಹನದು. ಇಲ್ಲಿಯೂ ಗುರುತು ಬೇಕಾಗಿತ್ತು, ಗೂಗಲ್ಲಿಗೆ ಬೇಕಾದಂತೆಯೇ. ಭೇದ ಎರಡು ಕಡೆ. ಶಾಹನು ಯಾರೆಂಬುದನ್ನು ಒಂದು ಕೋಠಿ ನಿರ್ಣಯಿಸುತ್ತಿರಲಿಲ್ಲ. ಇಡೀ ಪೇಟೆ ನಿರ್ಣಯಿಸುತ್ತಿತ್ತು, ಒಬ್ಬನು ಒಲ್ಲೆನೆಂದರೆ ಹತ್ತು ಮಂದಿ ಬೇರೆ ಶಾಹರಿದ್ದರು. ಎರಡನೆಯದಾಗಿ, ಗುರುತಿಸಿದವನು ಹೊಣೆಯನ್ನೂ ಹೊರುತ್ತಿದ್ದನು. ಗೂಗಲ್ಲು ದೃಢೀಕರಿಸಿದ ಕರ್ತೃವಿನ ಆಪ್‌ನಿಂದ ನಮ್ಮ ಗ್ರಾಹಕನ ಹಣ ಹೋದರೆ ಗೂಗಲ್ಲು ಅದನ್ನು ತುಂಬಿಕೊಡುವುದೆಂದು ಆಗಸ್ಟ್ ಪ್ರಕಟಣೆ ಎಲ್ಲಿಯೂ ಹೇಳಿಲ್ಲ. ಹೊಣೆಯಿಲ್ಲದ ದೃಢೀಕರಣವನ್ನು ಹುಂಡಿಯ ಪೇಟೆಯವರು ನಗೆಯಾಡದೆ ಕೇಳುತ್ತಿದ್ದರೋ ಇಲ್ಲವೋ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ಈ ಲೇಖನದ ನಿಜವಾದ ಕಾರಣ ಇದೇ. ಗಣಕಯಂತ್ರದ ಮೇಲೆ ಕನ್ನಡ ಬಂದದ್ದು ದೊಡ್ಡ ಕಂಪನಿಗಳ ಕೃಪೆಯಿಂದಲ್ಲ. ಕೆ. ಪಿ. ರಾಯರು ಕನ್ನಡದ ಕೀಲಿಮಣೆಗೆ ಧ್ವನಿಕ್ರಮದ ವಿನ್ಯಾಸವನ್ನು ಕಟ್ಟಿದರು. ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ತಂತ್ರಾಂಶವನ್ನು ಮಾಡಿ ಹಂಚಿದರು. ಸರಕಾರವು ಮುಂದೆ ಒಪ್ಪಿಕೊಂಡ ಕೀಲಿಮಣೆಗೆ ಅದೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ವನ್ನು ಹೊರತಂದರು. ಅಂದಿನ ಕನ್ನಡ ಸಂಘಗಳ ಕರಪತ್ರಗಳು, ಅಭಿನಂದನ ಗ್ರಂಥಗಳು, ವಿದೇಶದ ಕನ್ನಡಿಗರ ಓಲೆಗಳು ಎಷ್ಟೊಂದು ‘ಬರಹ’ದಲ್ಲಿ ಮೂಡಿಬಂದವು! ಅದನ್ನು ಜಾಲತಾಣದಿಂದ ಇಳಿಸಿಕೊಂಡವರು ತಟ್ಟೆಗೆ ತುಂಬಿ ಪರಿಚಿತರಿಗೆ ಕೊಟ್ಟರು. ವಿಂಡೋಸಿನ ಒಡೆಯರಾದ ಮೈಕ್ರೋಸಾಫ್ಟಿನವರು ಮುಂಚಿತವಾಗಿ ಅನುಮತಿ ಕೊಡಬೇಕೆಂಬ ಕಟ್ಟಳೆ ಇರಲಿಲ್ಲ. ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ನಾಡು ಬಳಸಿ ನೋಡಿತು, ಒಪ್ಪಿತು. ಮೊದಲು ಹೇಳಿದ ಎರಡನೆಯ ಅರ್ಥದ ‘ಅನುಮತ’ವೆಂದರೆ ಇದು.

ಫೋನಿನಲ್ಲಿ ಕನ್ನಡದ ಕತೆ ಇದಕ್ಕೆ ವಿರುದ್ಧವಾಗಿ ನಡೆದದ್ದು ಆಕಸ್ಮಿಕವಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನವಿತ್ತು. ಆದರೂ ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ, ತೆಲುಗು, ಮಲಯಾಳಗಳನ್ನು ಸೇರಿಸಿದ್ದು 2012ರ 4.1ನೆಯ ಆವೃತ್ತಿ. ಅದಕ್ಕೆ ಮುಂಚಿನ ಫೋನುಗಳಲ್ಲಿ ಕನ್ನಡವೆಂದರೆ ಸಾಲು ಸಾಲು ಚೌಕಗಳು. ಆ ದಿನಗಳಲ್ಲಿ ಕನ್ನಡದ ಪತ್ರಿಕೆಗಳನ್ನು ಫೋನಿನಲ್ಲಿ ಓದಿದವರು ನೆನಪಿಸಿಕೊಳ್ಳಬಹುದು: ಆಪರಾ ಮಿನಿ ಎಂಬ ಹೊರಗಿನ ಬ್ರೌಸರನ್ನು ತಂದುಹಾಕಿಕೊಂಡು, ಅದರ ಒಳಗಿನ ಒಂದು ಗುಪ್ತವಾದ ಪುಟಕ್ಕೆ ಹೋಗಿ, ಜಟಿಲ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂಬ ಆಯ್ಕೆಯನ್ನು ಒತ್ತಿದರೆ ಅಕ್ಷರಗಳು ಕಾಣುತ್ತಿದ್ದವು. ಒಬ್ಬರಿಂದೊಬ್ಬರಿಗೆ ಮನೆಮದ್ದಿನಂತೆ ಹಬ್ಬಿದ ಉಪಾಯ ಅದು. ಫೋನಿನ ಒಡೆಯರು ಕೈಚೆಲ್ಲಿದ ಕೆಲಸವನ್ನು ಹೊರಗಿನ ಆಪ್ ಮಾಡಿತು.

ಐಫೋನಿನ ಕತೆ ಇನ್ನೂ ಬೋಧಕವಾದದ್ದು. ಅಲ್ಲಿ ಕನ್ನಡವನ್ನು ಓದಬಹುದಾದ ಮೇಲೂ ಬರೆಯಲು ಕೀಲಿಮಣೆ ಇರಲಿಲ್ಲ. ಮಾಡಬಲ್ಲವರು ಇರಲಿಲ್ಲವೆಂದಲ್ಲ, ಹೊರಗಿನವರ ಕೀಲಿಮಣೆಯನ್ನು ಫೋನಿನಾದ್ಯಂತ ಬಳಸುವುದಕ್ಕೆ ಆಪಲ್ ಅವಕಾಶವನ್ನೇ ಕೊಟ್ಟಿರಲಿಲ್ಲ. ಯಾವುದೋ ಒಂದು ಆಪ್‌ನೊಳಗೆ ಬರೆದು, ನಕಲು ಮಾಡಿ, ಓಲೆಯಲ್ಲಿ ಅಂಟಿಸುವುದೊಂದೇ ದಾರಿ. 2014ರ ಸೆಪ್ಟೆಂಬರಿನಲ್ಲಿ, ಎಂಟನೆಯ ಆವೃತ್ತಿಯಲ್ಲಿ, ಹೊರಗಿನ ಕೀಲಿಮಣೆಗಳಿಗೆ ಬಾಗಿಲು ತೆರೆಯಿತು. ಆಪಲ್ ತಾನೇ ಕನ್ನಡದ ಕೀಲಿಮಣೆಯನ್ನು ಕೊಟ್ಟದ್ದು 2017ರ ಹನ್ನೊಂದನೆಯ ಆವೃತ್ತಿಯಲ್ಲಿ. ಐಫೋನು ಹುಟ್ಟಿದ್ದು 2007ರಲ್ಲಿ. ಕೋಟ್ಯಂತರ ಜನರ ಭಾಷೆಯೊಂದು ಹತ್ತು ವರ್ಷ ಆ ಫೋನಿನಲ್ಲಿ ತನ್ನದೇ ಕೀಲಿಮಣೆಗೆ ಕಾದಿತು. ಕನ್ನಡದ ಮೇಲೆ ಆ ಕಂಪನಿಗೆ ದ್ವೇಷವಿತ್ತೆಂದು ಹೇಳುವುದು ಹುಡುಗಾಟವಾದೀತು. ಅದರ ಪಟ್ಟಿಯಲ್ಲಿ ನಮ್ಮ ಸರದಿ ಬಂದಿರಲಿಲ್ಲ, ಅಷ್ಟೆ. ಮತ್ತು ಬೇರೆ ಪಟ್ಟಿ ಇರಲಿಲ್ಲ. ದ್ವೇಷವಾಗಿದ್ದರೆ ಎದುರಿಸಬಹುದಾಗಿತ್ತು.

ಕನ್ನಡದ ಸರದಿ ಈಗ ಬಂದಾಗಿದೆಯಲ್ಲ ಎನ್ನುವವರು ತುಳುವಿನ ಕಡೆ ನೋಡಬಹುದು. ತುಳು-ತಿಗಳಾರಿ ಲಿಪಿಯು ಯೂನಿಕೋಡಿಗೆ ಸೇರಿದ್ದು 2024ರಲ್ಲಿ. ಅದಕ್ಕೆ ಫೋನಿನ ಕೀಲಿಮಣೆಯನ್ನು ಮೊದಲು ಕಟ್ಟುವವರು ಕ್ಯಾಲಿಫೋರ್ನಿಯಾದ ಕಚೇರಿಯವರಾಗಿರುವುದು ಸಂಭವವಲ್ಲ. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ರಾತ್ರಿಯ ಬಿಡುವಿನಲ್ಲಿ ಕೆಲಸ ಮಾಡುವ ಒಬ್ಬಿಬ್ಬರು. ಭಾರತೀಯ ಭಾಷೆಗಳ ‘ಇಂಡಿಕ್ ಕೀಬೋರ್ಡ್’ ಇಂಥ ಸ್ವಯಂಸೇವಕರ ಕೆಲಸವೇ. ಮೂಲಸಂಕೇತವನ್ನು ಎಲ್ಲರೂ ಓದಬಹುದಾದ ಆಪ್‌ಗಳನ್ನು ಮಾತ್ರ 2010ರಿಂದ ಹಂಚುತ್ತ ಬಂದ ಎಫ್-ಡ್ರಾಯ್ಡ್ ಎಂಬ ಭಂಡಾರದವರು, ಹೊಸ ನಿಯಮವು ಜಾರಿಗೆ ಬಂದರೆ ತಮ್ಮ ವ್ಯವಸ್ಥೆಯೇ ಮುಗಿಯುವುದೆಂದು 2025ರ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿ ಹೇಳಿದರು. ಮೂಲಸಂಕೇತವನ್ನು ಓದಿ ನೋಡುವುದು ಫ್ಲೀಟರ ಪರೀಕ್ಷೆಯ ಜಾತಿಗೆ ಸೇರಿದ್ದು. ಅದಕ್ಕೆ ಎಡೆಯಿಲ್ಲದಂತೆ ಮಾಡಿ ನೋಂದಣಿಯನ್ನು ಉಳಿಸಿಕೊಳ್ಳುವುದು ವಿದ್ವತ್ತಿನ ದೃಷ್ಟಿಯಿಂದಲೂ ವಿಪರ್ಯಾಸ.

ಬಾಗಿಲ ಒಡೆತನವೂ ವ್ಯಾಪಾರದ ಪಾಲುದಾರಿಕೆಯೂ ಒಂದೇ ಕೈಯಲ್ಲಿದ್ದರೆ ಏನಾಗಬಹುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2020ರ ಸೆಪ್ಟೆಂಬರ್ 18ರಂದು ಪೇಟಿಎಂ ಆಪ್ ಪ್ಲೇ ಸ್ಟೋರಿನಿಂದ ಕೆಲವು ಗಂಟೆಗಳ ಕಾಲ ಮಾಯವಾಗಿ ಅದೇ ಸಂಜೆ ಮರಳಿ ಬಂತು. ಗೂಗಲ್ಲಿಗೆ ತನ್ನದೇ ಪಾವತಿಯ ಆಪ್ ಇತ್ತೆಂಬುದು ಎಲ್ಲರಿಗೂ ತಿಳಿದದ್ದೇ. 2024ರ ಮಾರ್ಚ್ 1ರಂದು, ಶುಲ್ಕದ ತಕರಾರಿನಲ್ಲಿ, ಹತ್ತು ಭಾರತೀಯ ಕಂಪನಿಗಳ ಆಪ್‌ಗಳನ್ನು ತೆಗೆಯಲಾಯಿತು. ವರಾನ್ವೇಷಣೆಯ ಆಪ್‌ಗಳೂ ಅವುಗಳಲ್ಲಿದ್ದವು. ಮಗಳಿಗೆ ಗಂಡು ನೋಡುವ ಕೆಲಸದಲ್ಲಿ ಕಂಪನಿಯೊಂದರ ಶುಲ್ಕದ ಪ್ರಮಾಣವೂ ಒಂದು ಗ್ರಹಗತಿಯಾಗಿ ಸೇರಿಕೊಂಡಿತು. ಸರಕಾರವು ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಹಿಂದಿರುಗಿದವು.

ಸರಕಾರವೂ ತಡೆಯುವುದಿಲ್ಲವೇ ಎಂದು ಕೇಳಬಹುದು. ತಡೆಯುತ್ತದೆ. 2019ರ ಮಾರ್ಚಿನಲ್ಲಿ ಪಬ್‌ಜಿ ಆಟವನ್ನು ರಾಜಕೋಟೆಯಲ್ಲಿ, ಅದೇ ತಿಂಗಳು ಅಹಮದಾಬಾದಿನಲ್ಲಿ, ಪೊಲೀಸ್ ಕಮಿಷನರರು ನಿಷೇಧಿಸಿದರು. ರಾಜಕೋಟೆಯಲ್ಲಿ ಆಡಿದ ಹುಡುಗರನ್ನು ಹಿಡಿದದ್ದೂ ಆಯಿತು. ನನ್ನ ಅಭಿಪ್ರಾಯದಲ್ಲಿ ಅದು ವಿವೇಕದ ಕ್ರಮವಲ್ಲ. ಆದರೂ ಆ ಆಜ್ಞೆಗೆ ಸಹಿ ಇತ್ತು, ತಾರೀಖು ಇತ್ತು, ಅವಧಿ ಇತ್ತು, ಅದನ್ನು ಪ್ರಶ್ನಿಸಲು ನ್ಯಾಯಾಲಯವಿತ್ತು. ಕಂಪನಿಯು ಖಾತೆಯನ್ನು ರದ್ದುಮಾಡಿದ ಸಣ್ಣ ಕರ್ತೃವಿಗೆ ಬರುವುದು ಯಂತ್ರವು ಬರೆದ ಓಲೆ.

ನ್ಯಾಯದ ದಾರಿಯಲ್ಲಿ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಗೂಗಲ್ಲಿಗೆ 1337.76 ಕೋಟಿ ರೂಪಾಯಿ ದಂಡವನ್ನು ವಿಧಿಸಿ, ಅಂಗಡಿಯ ಹೊರಗಿನಿಂದ ಆಪ್ ಹಂಚುವುದನ್ನು ಯಾವ ರೀತಿಯಿಂದಲೂ ನಿರ್ಬಂಧಿಸಬಾರದೆಂದು ಇತರ ನಿರ್ದೇಶನಗಳೊಡನೆ ಆಜ್ಞಾಪಿಸಿತು. ಕಂಪನಿ ಕಾನೂನಿನ ಮೇಲ್ಮನವಿ ನ್ಯಾಯಮಂಡಳಿಯು 2023ರ ಮಾರ್ಚ್ 29ರಂದು ದಂಡವನ್ನು ಎತ್ತಿಹಿಡಿದು, ಕೆಲವು ನಿರ್ದೇಶನಗಳನ್ನು ತೆಗೆದುಹಾಕಿತು. ತೆಗೆದುಹಾಕಿದವುಗಳಲ್ಲಿ ಇದೂ ಒಂದು. ದಂಡ ಉಳಿಯಿತು, ಬಾಗಿಲ ಮಾತು ಹೋಯಿತು. ಪತ್ರಿಕೆಗಳೆಲ್ಲ ದಂಡದ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದವು.

ಈ ಮೂರು ನಗರಗಳ ಕನ್ನಡ ಕುಟುಂಬಗಳಲ್ಲಿ ಮಕ್ಕಳು ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷುಗಳನ್ನು ಕಲಿಯುತ್ತಾರೆ; ಕನ್ನಡದ ಅಕ್ಷರ ಮನೆಯಲ್ಲಿ ಸಿಕ್ಕಿದರೆ ಸಿಕ್ಕಿತು. ಗುಜರಾತಿಯ ಮೂಲಕ ಕನ್ನಡದ ಒತ್ತಕ್ಷರಗಳನ್ನು ಕಲಿಸುವ ಆಪ್ ಒಂದಿದ್ದರೆ ಎಷ್ಟು ಉಪಕಾರವಾದೀತು! ಅಂಥದನ್ನು ಯಾವ ದೊಡ್ಡ ಕಂಪನಿಯೂ ಮಾಡದು, ಗಿರಾಕಿಗಳು ಸಾಲರು. ಮಾಡಿದರೆ ಇಲ್ಲಿನ ತರುಣ ಇಂಜಿನಿಯರನೊಬ್ಬನು ಮಾಡಿ, ರಾಜ್ಯೋತ್ಸವದ ದಿನ ಬಂದವರ ಫೋನಿಗೆ ಕಡತವನ್ನು ಕಳುಹಿಸಬೇಕು. ಹವ್ಯಾಸಿಗಳ ಖಾತೆಯ ಮಿತಿಯೊಳಗೆ ಅವನಿದ್ದರೆ ಸರಿ. ಅದನ್ನು ಮೀರಿ ಮುಂಬಯಿ, ಪುಣೆಗಳ ಕನ್ನಡಿಗರೂ ಬೇಕೆಂದರೆ ಅವನು ಪೂರ್ಣ ನೋಂದಣಿಗೆ ಹೋಗಬೇಕು, ಇಲ್ಲವೆ ಅಜ್ಜಿಯರಿಗೆ ‘ಅನುಭವಿಗಳ ಮಾರ್ಗ’ವನ್ನು ಒಂದೊಂದಾಗಿ ಬಿಡಿಸಿ ಹೇಳಬೇಕು.

2024ರ ಮಾರ್ಚಿನಲ್ಲಿ ಪ್ರಕಟವಾದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ, ಬಳಕೆದಾರರು ಹೊರಗಿನವರ ಆಪ್‌ಗಳನ್ನು ಇಳಿಸಿಕೊಳ್ಳುವುದಕ್ಕಾಗಲಿ ಹಾಕಿಕೊಂಡು ನಡೆಸುವುದಕ್ಕಾಗಲಿ ದೊಡ್ಡ ಕಂಪನಿಗಳು ಅಡ್ಡಿಪಡಿಸಬಾರದೆಂಬ ಒಂದು ಕಲಮು ಇದೆ. ಕಟ್ಟುಪಾಡುಗಳನ್ನು ರಚಿಸುವಾಗ ವಂಚನೆಯ ನಿವಾರಣೆ, ಸೈಬರ್ ಭದ್ರತೆ ಮೊದಲಾದ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದೂ ಅದೇ ಕರಡು ಹೇಳುತ್ತದೆ. ಮೊದಲನೆಯ ವಾಕ್ಯ ಕೊಟ್ಟದ್ದನ್ನು ಎರಡನೆಯ ವಾಕ್ಯದಿಂದ ಪೂರ್ತಿಯಾಗಿ ಹಿಂದಕ್ಕೆ ಪಡೆಯಬಹುದು, ಏಕೆಂದರೆ ಆಗಸ್ಟ್ ಪ್ರಕಟಣೆಯ ಪ್ರತಿಯೊಂದು ಸಾಲೂ ವಂಚನೆಯ ನಿವಾರಣೆಯ ಹೆಸರಿನಲ್ಲಿಯೇ ಬರೆಯಲ್ಪಟ್ಟಿದೆ. ಕರಡು ಕಾಯಿದೆಯಾಗುವ ಹೊತ್ತಿಗೆ ಎರಡು ಮಾತುಗಳು ಅದರಲ್ಲಿ ಸೇರಬೇಕು. ತಡೆಯುವುದಿದ್ದರೆ ಆಪ್ ಕೇಳುವ ಅಧಿಕಾರವನ್ನು ನೋಡಿ ತಡೆಯಬೇಕೇ ಹೊರತು ಕರ್ತೃವು ತಡೆಯುವವನಲ್ಲಿ ನೋಂದಾಯಿಸಿಕೊಂಡಿಲ್ಲವೆಂಬ ಕಾರಣದಿಂದಲ್ಲ. ಕರ್ತೃವಿನ ಗುರುತು ಬೇಕೇಬೇಕೆಂದಾದರೆ, ಆ ಗುರುತನ್ನು ಹೇಳುವ ಶಾಹರು ಒಬ್ಬರಿಗಿಂತ ಹೆಚ್ಚು ಮಂದಿ ಇರಬೇಕು, ಮತ್ತು ಗುರುತು ಹೇಳಿದವರು ಹಣದ ಹೊಣೆಯನ್ನೂ ಹೊರಬೇಕು.